ಮೆಕ್ಸಿಕೋಕ್ಕೆ ಮೊದಲು ರಾಮದುರ್ಗ

ಗಾಡಿ ಬಾಡಿಗೆಗೆ ಕೊಡುವ ಕಂಪನಿಯ ಅರ್ಜಿಯಲ್ಲಿ ಹದಿನೇಳು ಖಾನೆಗಳಿದ್ದವು. ಹದಿನಾರು ತುಂಬಿ ಮೂರು ವಾರವಾಗಿದ್ದರೂ ಒಂದು ಮಾತ್ರ ಖಾಲಿ ಉಳಿದಿತ್ತು. ಅದು ಮುಖ್ಯ ಚಾಲಕರ ಹೆಸರಿನದು. ಬೈಲಹೊಂಗಲದ ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ಮೆಕ್ಸಿಕೋಕ್ಕೆ ಹೊರಟವರೂ ಇಬ್ಬರೇ. ಇಬ್ಬರಲ್ಲಿ ಒಬ್ಬರ ಹೆಸರು ಬರೆಯಲು ಮೂರು ವಾರ ಯಾಕೆ ಬೇಕು ಎಂದು ಕೇಳುವವರಿಗೆ ನಮ್ಮ ಮನೆಯವರ ಸ್ವಭಾವ ಗೊತ್ತಿಲ್ಲ.

ನಾವು ಹೊರಟದ್ದು ಬಾಹಾ ಕ್ಯಾಲಿಫೋರ್ನಿಯಾಕ್ಕೆ. ಮೆಕ್ಸಿಕೋದ ಪಶ್ಚಿಮಕ್ಕೆ ಸಮುದ್ರದೊಳಗೆ ಉದ್ದಕ್ಕೆ ಇಳಿದಿರುವ ಪರ್ಯಾಯ ದ್ವೀಪ ಅದು. ಎರಡು ಕಡೆ ನೀರು, ನಡುವೆ ಮರುಭೂಮಿ, ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಂದು ಹೆದ್ದಾರಿ. ಆಸೆ ಮೊದಲು ಹುಟ್ಟಿದ್ದು ನನಗೆ. ಕಿತ್ತೂರಿನಲ್ಲಿ ಕೆಲವು ವರ್ಷ, ಆಮೇಲೆ ನಿವೃತ್ತಿಯವರೆಗೆ ಬೈಲಹೊಂಗಲದಲ್ಲಿ ನಾನು ಹೈಸ್ಕೂಲಿನ ಜೀವಶಾಸ್ತ್ರದ ಟೀಚರ್. ಪ್ರತಿ ವರ್ಷ ಮರುಭೂಮಿ ಸಸ್ಯಗಳ ಪಾಠ ಬಂದಾಗ ಕರಿಹಲಗೆಯ ಮೇಲೆ ಕೈ ಎತ್ತಿ ನಿಂತ ಆಳಿನಂಥ ಒಂದು ಕಳ್ಳಿ ಬರೆಯುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ಇದನ್ನ ನೀವು ನೋಡೀರೇನ್ರಿ?" ಎಂದು ಕೇಳಿದಳು. "ಪರೀಕ್ಷಾಕ್ಕ ಬರೂದು ಚಿತ್ರ. ನಾ ನೋಡೇನೋ ಇಲ್ಲೋ ಅನ್ನೂದು ಬರಂಗಿಲ್ಲ. ಕುಂಡರ" ಎಂದು ಗದರಿಸಿ ಕೂಡಿಸಿದೆ. ಉತ್ತರ ಗೊತ್ತಿಲ್ಲದಾಗ ಗದರಿಸುವುದು ನಮ್ಮ ವೃತ್ತಿಯಲ್ಲಿ ನಡೆದುಬಂದದ್ದು. ಆದರೆ ಆ ಪ್ರಶ್ನೆ ನನ್ನ ಜೊತೆಗೇ ನಿವೃತ್ತಿಯಾಗಿ ಮನೆಗೆ ಬಂತು.

ನಮ್ಮ ಮನೆಯವರು ನೀರಾವರಿ ಇಲಾಖೆಯಲ್ಲಿದ್ದವರು. ನೌಕರಿಯ ಬಹುಪಾಲು ನವಿಲುತೀರ್ಥದ ಅಣೆಕಟ್ಟಿನ ಕಾಲುವೆಗಳ ಮೇಲೆ ಕಳೆದರು. ಜೀವನವಿಡೀ ನೀರು ನೋಡಿದವನಿಗೆ ನೀರಿಲ್ಲದ ಊರು ತೋರಿಸಲು ಹೊರಟಿದ್ದೀಯಲ್ಲ ಎಂದು ಮೊದಮೊದಲು ನಕ್ಕರು. ಆಮೇಲೆ ಅವರಿಗೆ ಗ್ಲಾಕೋಮಾ ಎಂದು ಗೊತ್ತಾಯಿತು. ಎರಡೂ ಕಣ್ಣುಗಳ ಪಕ್ಕದ ನೋಟ ಸದ್ದಿಲ್ಲದೆ ಕಿರಿದಾಗುತ್ತಿತ್ತು. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಯ್ದುಕೊಳ್ಳಬೇಕು, ಎಷ್ಟು ವರ್ಷ ಎಂದು ಹೇಳಲಾಗದು ಎಂದರು ಹುಬ್ಬಳ್ಳಿಯ ಡಾಕ್ಟರು. "ಇನ್ನ ಗಾಡಿ ಹೊಡ್ಯಾಕ ಹೋಗಬ್ಯಾಡ್ರಿ" ಎಂದೂ ಸೇರಿಸಿದರು. ನಾನು ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೆ. ಮನೆ ಮುಟ್ಟುವಷ್ಟರಲ್ಲಿ ಆ ಮಾತು ಇವರ ಬಾಯಲ್ಲಿ "ರಾತ್ರಿ ಹೊಡೀಬ್ಯಾಡ ಅಂದಾರ" ಎಂದಾಗಿತ್ತು. ಅಂದೇ ಊಟಕ್ಕೆ ಕುಳಿತಾಗ, "ನಿನ್ನ ಆ ಕಳ್ಳಿ ನೋಡೂದಿದ್ರ ಈಗs ನೋಡಿ ಬರೂಣು" ಎಂದರು. ನಾನು ಅವರ ತಾಟಿಗೆ ಸಾರು ಬಡಿಸಿದೆ.

ಸಮಸ್ಯೆ ಇಷ್ಟೇ. ಹೋಗಬೇಕೆಂದರೆ ಗಾಡಿ ನಾನು ಹೊಡೆಯಬೇಕು. ನಾನು ಹೊಡೆಯಬೇಕೆಂದರೆ ಅವರು ಕಣ್ಣಿನ ಮಾತನ್ನು ಬಾಯಿಬಿಟ್ಟು ಒಪ್ಪಬೇಕು. ಒಪ್ಪದಿದ್ದರೆ ಮೆಕ್ಸಿಕೋ ಇಲ್ಲ, ಒಪ್ಪಲಿ ಎಂದು ಕಾಯುತ್ತ ಕುಳಿತರೆ ನೋಡಲು ನೋಟವೇ ಉಳಿದಿರಲಿಕ್ಕಿಲ್ಲ. ಚಚಡಿಯಲ್ಲಿರುವ ಸ್ವಂತ ತಂಗಿಗೂ ಅವರು ಈ ಸಂಗತಿ ಹೇಳಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. ನಮ್ಮ ಮನೆತನಗಳಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ನಾನು "ಏನ್ರೀ" ಎಂದರೆ ಅವರು "ಕೇಳೇನ" ಎನ್ನುತ್ತಾರೆ, ಸಂಸಾರ ಸುಖವಾಗಿ ಸಾಗುತ್ತದೆ. ಮದುವೆಯಲ್ಲಿ ಒಡಪು ಹಾಕಿ, ಅಂದರೆ ಪ್ರಾಸದ ಸಾಲಿನೊಳಗೆ ಸೇರಿಸಿ, ಹೆಸರು ಹೇಳುವವರೆಗೆ ಹೊಸಿಲು ದಾಟಗೊಡಲಿಲ್ಲವಾದ್ದರಿಂದ ಅವರು ಒಮ್ಮೆ ನನ್ನ ಹೆಸರು ಹೇಳಿದ್ದರು. ವಾಲಗದ ಗದ್ದಲದಲ್ಲಿ ನನಗದು ನೆಟ್ಟಗೆ ಕೇಳಿಸಲಿಲ್ಲ. ಆಮೇಲೆ ಮೂವತ್ತಾರು ವರ್ಷಗಳಲ್ಲಿ ಬ್ಯಾಂಕಿರಲಿ, ದವಾಖಾನೆಯಿರಲಿ, ಯಾರಾದರೂ "ನಿಮ್ಮ ಮಿಸೆಸ್ ಹೆಸರು?" ಎಂದರೆ ಇವರು ನನ್ನ ಕಡೆ ತಿರುಗುತ್ತಾರೆ, ನಾನೇ ಹೇಳುತ್ತೇನೆ. ಈ ಬರಹದಲ್ಲೂ ನಮ್ಮ ಹೆಸರು ಸಿಗುವುದಿಲ್ಲ, ಹುಡುಕಬೇಡಿ.

ಅದೊಂದು ಖಾನೆ ಬಿಟ್ಟರೆ ತಯಾರಿ ಜೋರಾಗಿಯೇ ನಡೆದಿತ್ತು. ಇವರು ಗ್ರಾಫ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಪಡಸಾಲೆಯ ಉದ್ದಕ್ಕೂ ಹಾಸಿ, ಆ ಹೆದ್ದಾರಿಯನ್ನು ಒಂದೇ ನೆಟ್ಟನೆಯ ಗೆರೆಯಾಗಿ ಎಳೆದರು. ಕಾಲುವೆಯ ನಕ್ಷೆ ತೆಗೆದು ರೂಢಿಯಾದ ಕೈ. ಗೆರೆಯ ಎಡಕ್ಕೆ ಊರುಗಳು, ಬಲಕ್ಕೆ ನೀರು ಮತ್ತು ಪೆಟ್ರೋಲು ಸಿಗುವ ತಾಣಗಳು. ಪೆಟ್ರೋಲ್ ಪಂಪ್ ಇಲ್ಲದ ಒಂದು ಉದ್ದನೆಯ ಪಟ್ಟಿಗೆ ಕೆಂಪು ಬಣ್ಣ ಬಳಿದಿದ್ದರು.

"ಆ ರಸ್ತೆ ಇಷ್ಟ ನೆಟ್ಟಗ ಇಲ್ರೀ. ಹಾವಿನಂಗ ಹೊಂಟೈತಿ" ಎಂದೆ.

"ಕಾಲಿವಿ ಎಷ್ಟ ಬಾಗಿದ್ರೂ ಕಾಗದದಾಗ ನೆಟ್ಟಗs ಇರತೈತಿ" ಎಂದರು.

ಆ ಕೆಂಪು ಪಟ್ಟಿಯ ನಡುವೆಯೇ ನನ್ನ ಕಳ್ಳಿಗಳಿದ್ದವು, ಜೊತೆಗೆ ತಲೆಕೆಳಗಾಗಿ ನೆಟ್ಟ ಮೂಲಂಗಿಯಂತೆ ಕಾಣುವ ಒಂದು ವಿಚಿತ್ರ ಗಿಡ. ಅಲ್ಲಿ ಕತ್ತಲಾದ ಮೇಲೆ ಗಾಡಿ ಓಡಿಸಬಾರದು, ದನಗಳು ರಸ್ತೆಯ ಮೇಲೆ ಮಲಗಿರುತ್ತವೆ ಎಂದು ಹೋಗಿಬಂದವರೆಲ್ಲ ಬರೆದಿದ್ದರು. ಇವರಿಗೆ ಆ ಸುದ್ದಿ ಓದಿ ಭಾರೀ ಖುಷಿ. "ಹಂಗಾರ ನಮ್ಮ ಕಡೇದs ರಸ್ತೆ" ಎಂದರು. ನಾನು ಗಟ್ಟಿ ರೊಟ್ಟಿ ಎಷ್ಟು, ಗುರೆಳ್ಳು ಚಟ್ನಿ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದೆ. ನಡುವೆ ಒಂದು ದಿನ, ಇವರಿಗೆ ಹೇಳದೆ ಹೋಗಿ, ಪರದೇಶದಲ್ಲಿ ಗಾಡಿ ಹೊಡೆಯುವ ಪರವಾನಗಿ ಮಾಡಿಸಿಕೊಂಡು ಬಂದು ಕಪಾಟಿನಲ್ಲಿ ಸೀರೆಗಳ ಕೆಳಗಿಟ್ಟೆ.

ಮೆಕ್ಸಿಕೋದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಚಾಲಕ ಎಡಕ್ಕೆ ಕೂಡುತ್ತಾನೆ. ಅದು ಮೈಗೂಡಬೇಕೆಂದು ಇವರು ಪಡಸಾಲೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಜೋಡಿಸಿದರು. ಎಡಗಡೆಯ ಕುರ್ಚಿಯಲ್ಲಿ ತಾವು ಕುಳಿತು, ನಾನು ಹಿಟ್ಟು ನಾದುವ ಪರಾತವನ್ನು ಸ್ಟಿಯರಿಂಗ್ ಮಾಡಿಕೊಂಡು ತಿರುವತೊಡಗಿದರು. ನನಗೆ ಬಲಗಡೆಯ ಕುರ್ಚಿ. ಅದೇ ಹೊತ್ತಿಗೆ ಮೊಸರಿಗೆ ಹೆಪ್ಪು ಕೇಳಲು ಬಂದ ಓಣಿಯ ಹೆಣ್ಣುಮಗಳು ಬಾಗಿಲಲ್ಲೇ ನಿಂತಳು.

"ಏನ ಮಾಡಾಕ ಹತ್ತೀರಿ ಕಾಕಾರ?"

"ಮೆಕ್ಸಿಕೋದಾಗ ಅದೇವಿ. ಸ್ವಲ್ಪ ತಡಿ, ರಸ್ತೆದ ಉಬ್ಬ ದಾಟಲಿ."

ಅವಳು ನನ್ನ ಕಡೆ ನೋಡಿದಳು. "ಅಲ್ಲಿ ನಿಮ್ಮವರ ಯಾರ ಅದಾರ್ರೀ ಅಕ್ಕಾರ?"

"ಯಾರೂ ಇಲ್ಲ."

"ಮತ್ತ ಯಾರ ಮನ್ಯಾಗ ಇಳೀತೀರಿ?"

ನಮ್ಮ ಸೀಮೆಯಲ್ಲಿ ಇದು ನ್ಯಾಯವಾದ ಪ್ರಶ್ನೆ. ನಾವು ಊರಿಂದೂರಿಗೆ ಹೋಗುವುದಿಲ್ಲ, ಮನೆಯಿಂದ ಮನೆಗೆ ಹೋಗುತ್ತೇವೆ, ನಡುವೆ ರಸ್ತೆ ಬರುತ್ತದೆ ಅಷ್ಟೇ. ಅವಳು ಹೆಪ್ಪು ತೆಗೆದುಕೊಂಡು ಹೋದ ಮೇಲೆ ನನಗೊಂದು ಉಪಾಯ ಹೊಳೆಯಿತು. ಮೆಕ್ಸಿಕೋದ ರಂಗತಾಲೀಮನ್ನು ಇಲ್ಲೇ ಮಾಡೋಣ ಎಂದೆ. ಸವದತ್ತಿ, ನವಿಲುತೀರ್ಥ, ಕಟಕೋಳದ ಮೇಲೆ ರಾಮದುರ್ಗ, ಕತ್ತಲಾಗುವ ಮೊದಲು ವಾಪಸ್ಸು. ಮರುಭೂಮಿಯ ನಿಯಮಗಳು: ನೀರು, ಬುತ್ತಿ ನಮ್ಮದೇ. ಯಾರ ಮನೆಗೂ ಹೋಗುವಂತಿಲ್ಲ. ಯಾರನ್ನೂ ದಾರಿ ಕೇಳುವಂತಿಲ್ಲ, ನಕ್ಷೆ ನೋಡಿಯೇ ಹೋಗಬೇಕು. ಗಾಡಿ ನಾನು ಹೊಡೆಯುತ್ತೇನೆ ಎಂಬುದನ್ನು ಕೊನೆಗೆ, ಮೆಲ್ಲಗೆ ಹೇಳಿದೆ.

"ಇಲ್ಲೆ ನೀ ಹೊಡಿ. ಅಲ್ಲೀದು ಆಮ್ಯಾಲೆ ನೋಡೂಣು" ಎಂದರು.

ಹೊರಟೆವು. ಈ ದಾರಿಗೂ ಒಂದು ನೆಟ್ಟನೆಯ ಗೆರೆಯ ನಕ್ಷೆ ಬರೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಓಣಿ ದಾಟುವ ಮೊದಲೇ ಶುರುವಾಯಿತು. "ಗಿಯರ್ ಬದಲಸು. ಹಾರ್ನ್ ಹೊಡಿ. ಎಷ್ಟ ಅವಸರ. ಎಷ್ಟ ಸಾವಕಾಶ." ಹನ್ನೆರಡು ವರ್ಷದಿಂದ ನನ್ನ ಹತ್ತಿರ ಲೈಸೆನ್ಸ್ ಇದೆ. ಸವದತ್ತಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿದ್ದಾಗ ಅವರ ಫೋನ್ ರಿಂಗಾಯಿತು. ಚಚಡಿಯ ತಂಗಿ. ಅವರ ಊರಿನ ಯಾರೋ ನಮ್ಮನ್ನು ಅಲ್ಲಿ ಕಂಡು ಐದು ನಿಮಿಷವೂ ಆಗಿರಲಿಲ್ಲ.

"ಅಣ್ಣಾ, ವೈನಿ ಗಾಡಿ ಹೊಡ್ಯಾಕ ಹತ್ತಾರಂತ, ನೀ ಬಾಜೂಕ ಕುಂತೀಯಂತ. ಆರಾಮ ಅದಿ ಇಲ್ಲೋ?"

"ನನಗೇನಾಗೇತಿ? ಅಕಿಗೆ ಕಲಸಾಕ ಹತ್ತೇನಿ."

ನಾನು ಕಾರಣವಿಲ್ಲದೆ ಉದ್ದಕ್ಕೆ ಹಾರ್ನ್ ಹೊಡೆದೆ.

ಸವದತ್ತಿ ದಾಟಿ ಮುನವಳ್ಳಿಯ ಕಡೆ ಹೊರಟ ಮೇಲೆ ಅವರ ದನಿ ಹಗುರಾಯಿತು. ಅದು ಅವರ ಸ್ವಂತ ರಾಜ್ಯ. ನಕ್ಷೆಯ ಮೇಲೆ ಬೆರಳಿಟ್ಟುಕೊಂಡು, "ಮುಂದ ದೊಡ್ಡ ಬೇವಿನ ಗಿಡ ಬರತೈತಿ. ಅದನ್ನ ದಾಟಿ ಎಡಕ್ಕ ಹೊಳ್ಳು" ಎಂದರು. ಬೇವಿನ ಗಿಡ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಕಡಿದಿದ್ದರು. ಅದಿದ್ದ ಜಾಗದಲ್ಲಿ ಹಸಿರು ಬಣ್ಣದ ದೊಡ್ಡ ಬೋರ್ಡು, ಅದರ ಮೇಲೆ ಬಾಣದ ಗುರುತು ನೇರಕ್ಕೆ. "ನೆಟ್ಟಗ ಹೋಗಬೇಕಲ್ರೀ" ಎಂದೆ. "ಇಪ್ಪತ್ತ ವರ್ಷ ಅಡ್ಡಾಡೇನಿ ಇಲ್ಲೆ. ಹೊಳ್ಳು ಅಂದ್ರ ಹೊಳ್ಳು." ಸಿಟ್ಟು ಬಂತು. ಸಿಟ್ಟಿನಲ್ಲಿ ನಾನು ಹೇಳಿದಂತೆ ಮಾಡಿಬಿಡುತ್ತೇನೆ, ಅದು ನನ್ನ ದೋಷ. ಹೊರಳಿಸಿದೆ.

ಒಂದಷ್ಟು ದೂರ ಡಾಂಬರು, ಆಮೇಲೆ ಮಣ್ಣು, ಆಮೇಲೆ ಕಾಲುವೆಯ ದಂಡೆ. ಒಂದು ಪಕ್ಕ ತುಂಬಿ ಹರಿಯುವ ನೀರು, ಇನ್ನೊಂದು ಪಕ್ಕ ಆಳಕ್ಕೆ ಕಬ್ಬಿನ ಹೊಲ. ಕೊನೆಗೆ ಕಾಲುವೆಗೆ ನೀರು ಬಿಡುವ, ಕೀಲಿ ಹಾಕಿದ ಒಂದು ಗೇಟು. ಅವರು ಇಳಿದು, ತಲೆ ವಾಲಿಸಿ ನೀರಿನ ಸಪ್ಪಳ ಕೇಳಿ, "ಇದು ನನ್ನ ಗೇಟು" ಎಂದರು. ಅಷ್ಟರಲ್ಲಿ ಬಲಗಡೆಯಿಂದ ಎಮ್ಮೆಯೊಂದು ದಂಡೆ ಏರಿ ಬಂದು ಅವರ ಮೊಳಕೈಗೆ ಮೂತಿ ತಾಗಿಸಿತು. ಅವರು ಬೆಚ್ಚಿಬಿದ್ದು ನೀರಿನ ಕಡೆ ಒಂದು ಹೆಜ್ಜೆ ಇಟ್ಟರು. ನಾನು ಓಡಿ ರಟ್ಟೆ ಹಿಡಿದೆ. ಅಷ್ಟು ದೊಡ್ಡ ಎಮ್ಮೆ, ಅಷ್ಟು ಸಾವಕಾಶವಾಗಿ ಬಂದದ್ದು, ಅವರಿಗೆ ಕಂಡಿರಲಿಲ್ಲ. ಕಾಯಿಲೆಯ ಹೆಸರು ಡಾಕ್ಟರ ಬಾಯಿಂದ ಕೇಳಿದ್ದೆ, ಅದು ಎಷ್ಟು ನೋಟ ತಿಂದಿದೆ ಎಂಬುದು ಅವತ್ತು ಗೊತ್ತಾಯಿತು.

ಗೇಟಿನ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ರೊಟ್ಟಿ ಮುರಿಯುತ್ತ ಅವರು ನೀರನ್ನೇ ನೋಡುತ್ತಿದ್ದರು.

"ಅಲ್ಲಿ ಬೋರ್ಡ್ ಇತ್ತೇನ?"

"ಇತ್ತು."

"ಎಷ್ಟ ದೊಡ್ಡದಿತ್ತು?"

ಸಣ್ಣದಿತ್ತು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. "ನಮ್ಮ ಮುಂಚಿಬಾಗಲದಷ್ಟು" ಎಂದೆ.

ಅವರು ತಲೆಯಾಡಿಸಿ ಇನ್ನೊಂದು ರೊಟ್ಟಿ ಕೇಳಿದರು.

ಗಾಡಿ ತಿರುಗಿಸಲು ಅಲ್ಲಿ ಜಾಗವಿರಲಿಲ್ಲ. ದಂಡೆಯ ಉದ್ದಕ್ಕೂ ಹಿಂದೆ ಹಿಂದೆಯೇ ಬರಬೇಕು, ನೀರು ಒಂದು ಮೊಳ ಆಚೆ. ನಾನು ಕುತ್ತಿಗೆ ಹೊರಳಿಸಿ ಹಿಂದಿನ ಗಾಜಿನಲ್ಲಿ ನೋಡುತ್ತ ರಿವರ್ಸ್ ಹಾಕಿದೆ, ಬೈಗುಳಕ್ಕೆ ತಯಾರಾಗಿಯೇ. ಬೈಗುಳ ಬರಲಿಲ್ಲ. ಗಿಯರ್ ಎನ್ನಲಿಲ್ಲ, ಬ್ರೇಕ್ ಎನ್ನಲಿಲ್ಲ. ನಕ್ಷೆಯನ್ನು ಸುರುಳಿ ಸುತ್ತಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಮೊದಲ ಸಲ ಅನ್ನಿಸಿತು. ಡಾಂಬರು ರಸ್ತೆಗೆ ಬಂದು ಮುಟ್ಟಿದಾಗ ನನ್ನ ಕುಪ್ಪಸ ಬೆವರಿಗೆ ತೊಯ್ದಿತ್ತು. ಹಸಿರು ಬೋರ್ಡಿನ ಕೆಳಗೆ ಗಾಡಿ ನಿಲ್ಲಿಸಿದೆ. ಅವರು ಗಾಜು ಇಳಿಸಿ, ಮುಖವನ್ನು ಪೂರ್ತಿ ಅತ್ತ ತಿರುಗಿಸಿ ಹುಡುಕಿ, ಆ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ರಾಮದುರ್ಗ ನೆಟ್ಟಗ" ಎಂದರು. ನೆಟ್ಟಗೆ ಹೋದೆವು. ಕಟಕೋಳದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ಮನೆ ರಸ್ತೆಗೇ ಇದೆ, ತಲೆ ತಗ್ಗಿಸಿಕೊಂಡು ದಾಟಿದೆವು. ರಾಮದುರ್ಗದಲ್ಲಿ ಯಾರಿಗೂ ಸಿಗದೆ ಒಂದು ಚಹಾ ಕುಡಿದು ಹೊರಳಿದೆವು. ಮರುಭೂಮಿ ದಾಟಿದಷ್ಟೇ ಹೆಮ್ಮೆಯಾಯಿತು.

ವಾಪಸ್ಸು ಬರುವಾಗ ಮಾತ್ರ ಸೋತೆವು. ತಂಗಿ ಚಚಡಿಯ ರಸ್ತೆಯ ನಡುವೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಿಂತಿದ್ದರು. ಮೆಕ್ಸಿಕೋದ ಹೆದ್ದಾರಿಯಲ್ಲಿ ಗಾಡಿ ತಡೆದು ನೋಡುವ ಸೈನಿಕರ ಚೌಕಿಯಲ್ಲೂ ಇದಕ್ಕಿಂತ ಬಿಗಿ ಇರಲಾರದು. ಒಳಗೆ ಕೂಡಿಸಿ, ಚಹಾ ಕೊಟ್ಟು, ಅಣ್ಣನ ಮುಖ ನೋಡುತ್ತ ಕೇಳಿದರು.

"ಕಲತ್ರೇನಪ್ಪಾ ವೈನಿ?"

ಅವರು ಬಟ್ಟಲು ಕೆಳಗಿಟ್ಟರು. "ಅಕೀಗೆ ಮೊದಲs ಬರತಿತ್ತವ್ವಾ. ನನಗ ಕಣ್ಣ ಸಾಲವಲ್ವು. ಎಮ್ಮಿ ಬಂದ್ರೂ ಕಾಣಂಗಿಲ್ಲ" ಎಂದರು. ತಂಗಿ ಅತ್ತರು, ಆಮೇಲೆ ಇಷ್ಟು ದಿನ ಹೇಳದ್ದಕ್ಕೆ ಇಬ್ಬರನ್ನೂ ಬೈದರು, ಆಮೇಲೆ ದಾರಿಗೆ ಶೇಂಗಾ ಹೋಳಿಗೆ ಕಟ್ಟಿಕೊಟ್ಟರು.

ಮರುದಿನ ಬೆಳಿಗ್ಗೆ ಚಹಾ ಹಿಡಿದು ಪಡಸಾಲೆಗೆ ಬಂದರೆ ಎರಡು ಕುರ್ಚಿಗಳೂ ಅಲ್ಲೇ ಇದ್ದವು. ಪರಾತ ಎಡಗಡೆಯ ಖಾಲಿ ಕುರ್ಚಿಯ ಮೇಲಿತ್ತು. ಅವರು ಬಲಗಡೆಯ ಕುರ್ಚಿಯಲ್ಲಿ ಗ್ರಾಫ್ ನಕ್ಷೆ ಬಿಚ್ಚಿಕೊಂಡು ಕುಳಿತಿದ್ದರು.

"ಆ ಅರ್ಜಿ ತಗಿ. ಖಾನೆ ತುಂಬಿಬಿಡೂಣು."

ನಾನು ಪರಾತ ಎತ್ತಿ ಕೆಳಗಿಟ್ಟು, ಎಡಗಡೆ ಕುಳಿತು, ಲ್ಯಾಪ್‌ಟಾಪ್ ತೆರೆದೆ. ಮುಖ್ಯ ಚಾಲಕರ ಹೆಸರು. ಖಾನೆಯೊಳಗೆ ಸಣ್ಣ ಗೆರೆ ಮಿಣುಕುತ್ತಿತ್ತು. "ಏನಂತ ಬರೀಲ್ರೀ?" ಎಂದು ಕೇಳಿದೆ, ರೂಢಿಯಂತೆ ಅವರು ನನ್ನ ಕಡೆ ತಿರುಗುತ್ತಾರೆ, ನಾನೇ ಹೇಳಿಕೊಂಡು ನಾನೇ ಬರೆಯಬೇಕು ಎಂದುಕೊಂಡು.

ಅವರು ನನ್ನ ಕಡೆ ತಿರುಗಲಿಲ್ಲ. ನಕ್ಷೆಯ ಕೆಂಪು ಪಟ್ಟಿಯ ಮೇಲೆ ಬೆರಳಿಟ್ಟುಕೊಂಡೇ ನನ್ನ ಹೆಸರು ಹೇಳಿದರು, ತವರಿನ ಅಡ್ಡಹೆಸರು ಬಿಟ್ಟು ಈ ಮನೆಯದನ್ನು ಸೇರಿಸಿ, ಪೂರ್ತಿಯಾಗಿ.

ನನ್ನ ಬೆರಳಾಡುವ ಸಪ್ಪಳ ಬಾರದ್ದಕ್ಕೆ, ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದರು. ನನಗೆ ಮೊದಲ ಸಲವೇ ಕೇಳಿಸಿತ್ತು.