ಖಾಲಾನ ಬೆಕ್ಕಿನ ಉಸಿರು

ಮೊನ್ನೆ ಮೊಮ್ಮಗಳು ಪಟಾಕಿ ಹಚ್ಚಿದಳು. ಗಂಧಕದ ಘಾಟು ಮೂಗಿಗೆ ಬಡಿದದ್ದೇ ತಡ, ವಡಗಾವಿಯ ನಮ್ಮ ನೇಕಾರರ ಓಣಿ ಕಣ್ಣಮುಂದೆ ಬಂತು... ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಬಾಜೂ ಮನೆಯ ಖಾಲಾ, ಆಕೆಯ ಬೂದಿ ಬಣ್ಣದ ಬೆಕ್ಕು, ಮತ್ತೆ ಆ ಮನುಷ್ಯ.

ಎಪ್ಪತ್ತರ ದಶಕದ ಕೊನೆ. ನನಗಿನ್ನೂ ಮದುವೆಯಾಗಿರಲಿಲ್ಲ. ಗಂಡ ಸತ್ತ ಮೇಲೆ ಖಾಲಾನಿಗೆ ಆ ಬೆಕ್ಕೇ ಮನೆಮಂದಿ. ಮಗ್ಗಕ್ಕೆ ಹೊಸ ಹಾಸಿನ ಉದ್ದೆಳೆ ಏರಿಸುವಾಗ ಹಳೆಯ ಎಳೆಗೆ ಹೊಸ ಎಳೆ ಹೊಸೆದು ಕೂಡಿಸುವುದು ಆಕೆಯ ಕೆಲಸ. ನನಗೂ ಕಲಿಸಿದ್ದಳು. ಎದುರಿನ ಮಗ್ಗದ ಕಾರ್ಖಾನೆಯ ಮಾಲೀಕನಿಗೆ ಮಾತ್ರ ಬೆಕ್ಕನ್ನು ಕಂಡರಾಗದು. ರೇಷ್ಮೆ ಲಡಿ ಕೆದರುತ್ತದೆಂದು ದಿನವೂ ಬೈಯುತ್ತಿದ್ದ.

ಒಂದು ಮಧ್ಯಾಹ್ನ ಅವನ ಹೊಗೆಕೋಣೆಯಿಂದ ಬೆಕ್ಕಿನ ಚೀರಾಟ ಕೇಳಿತು. ರೇಷ್ಮೆ ಬೆಳ್ಳಗಾಗಲೆಂದು ಅಲ್ಲಿ ಗಂಧಕ ಸುಡುತ್ತಿದ್ದರು. ಖಾಲಾ ಓಡಿಹೋಗಿ ಚಿಲಕ ತೆಗೆದಳು. ಮಾಲೀಕ ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡು ಕೂತಿದ್ದ.

“ಇನ್ನ ಈ ಕಡೆ ಹಾಯೂದಿಲ್ಲ ಬಿಡ್ರಿ,” ಅಂದು ನಕ್ಕ.

ಬೆಕ್ಕು ಹೊರಬಂದು, ಕುತ್ತಿಗೆ ಮುಂದೆ ಚಾಚಿ, ಮುಂಗಾಲು ಅಗಲಿಸಿ ಕುಕ್ಕರಿಸಿತು. ಬಾಯಿ ತೆರೆದಿತ್ತು. ಹೊಟ್ಟೆ ತಿದಿಯಂತೆ ಆಡುತ್ತಿತ್ತು, ಒಸಡು ನೀಲಿಗಟ್ಟಿತ್ತು. ನಾನು ನೀರು ಕುಡಿಸಲು ಹೋದೆ.

“ಬ್ಯಾಡ ಬೇಟಿ! ಉಸರು ಸಿಗವಲ್ದು ಅದಕ್ಕ, ನೀರು ಎದಿಯೊಳಗ ಇಳಿತೈತಿ. ಬೆಕ್ಕು ಹಿಂಗ ಬಾಯಿ ತಗದು ತೇಕಿತಂದ್ರ ಮನ್ಯಾಗ ಇಟಗೊಂಡು ನೋಡಬಾರದು. ದವಾಖಾನಿಗೆ ಒಯ್ಯೂಣು, ನಡಿ.”

ಆಕೆ ಅದನ್ನು ಎದೆಗೆ ಅಪ್ಪಿಕೊಳ್ಳಲಿಲ್ಲ. ಗಾಳಿಯಾಡುವ ಬುಟ್ಟಿಯಲ್ಲಿ ಮೆಲ್ಲಗೆ ಕೂರಿಸಿದಳು. ಟಾಂಗಾ ಹಿಡಿದು ದನದ ದವಾಖಾನೆಗೆ ಒಯ್ದೆವು. ಡಾಕ್ಟರು ಇಂಜೆಕ್ಷನ್ ಕೊಟ್ಟು ಸಂಜೆಯವರೆಗೆ ಅಲ್ಲೇ ಇಟ್ಟುಕೊಂಡರು. ಬೆಕ್ಕು ಉಳಿಯಿತು, ಎದೆಯೊಳಗಿನ ಗೊರಗೊರ ಸದ್ದು ಹೋಗಲಿಲ್ಲ.

ಖಾಲಾ ಅವನಿಗೆ ಒಂದು ಬೈಗುಳವನ್ನೂ ಆಡಲಿಲ್ಲ. ಹಾಸು ಕೂಡಿಸುವ ಹೆಂಗಸರನ್ನೆಲ್ಲ ಮನೆ ಮನೆಗೆ ಹೋಗಿ ಕಂಡುಬಂದಳು, ಅಷ್ಟೆ. ಮರುದಿನದಿಂದ ಅವನ ಕಾರ್ಖಾನೆಗೆ ಹಾಸು ಕೂಡಿಸಲು ಯಾರೂ ಹೋಗಲಿಲ್ಲ; ಇದ್ದ ಹಾಸು ಮುಗಿದಂತೆಲ್ಲ ಅವನ ಮಗ್ಗಗಳು ಒಂದೊಂದಾಗಿ ನಿಂತವು. ಅವನು ಖಾನಾಪುರದಿಂದ ಕರೆಸಿದ ಹೆಂಗಸಿಗೂ ಖಾಲಾ ಚಹಾ ಕುಡಿಸಿ, ಬೆಕ್ಕನ್ನು ತೋರಿಸಿ, ತಿರುಗಿ ಬಸ್ಸು ಹತ್ತಿಸಿದಳು. ಆ ಹೆಂಗಸಿನ ಚೀಲ ಹಿಡಿದು ಬಸ್ಸಿನ ತನಕ ಜೊತೆಗೆ ಹೋದವಳು ನಾನೇ. ಅಂಥ ಖುಷಿ ನನಗೆ ನನ್ನ ಮದುವೆಯಲ್ಲೂ ಆಗಲಿಲ್ಲ!

ಕಡೆಗೆ ಅವನೇ ಬಂದ.

“ತಪ್ಪಾತ್ರಿ ಖಾಲಾ. ಬಿಟ್ಟಬಿಡ್ರಿ ಇನ್ನ.”

“ನನಗ್ಯಾಕ ಹೇಳ್ತೀರಿ? ಅದರ ಬಾಜೂಕ ಕುಂದರ್ರಿ.”

ಅವನು ಕೂತ. ಬೆಕ್ಕು ಗೊರಗುಡುತ್ತಿತ್ತು. ಆಕೆ ಬಹಳ ಹೊತ್ತು ಏಳಗೊಡಲಿಲ್ಲ.

“ಈ ಸಪ್ಪಳ ನಿಂತ ದಿನ ಬರ್ರಿ. ಹಾಸು ಕೂಡಸ್ತೀನಿ.”

ಆ ಚಳಿಗಾಲದಲ್ಲಿ ಬೆಕ್ಕು ಸತ್ತಿತು. ಮಾರನೆಯ ದಿನವೇ ಅವನು ಬಂದ... ಖರೇನೇ ಬಂದ. ಖಾಲಾ ಅವನ ಮುಖ ನೋಡಿದಳು, ಬಾಗಿಲು ಹಾಕಿಕೊಂಡಳು. ವರ್ಷ ತುಂಬುವುದರೊಳಗೆ ಅವನು ಮಗ್ಗ ಮಾರಿ ಓಣಿ ಬಿಟ್ಟ.

ಎಂಬತ್ತರ ದಶಕದಲ್ಲಿ ನಾನು ಖಾನಾಪುರದ ಸೊಸೆಯಾದೆ. ಖಾಲಾ ತೀರಿಕೊಂಡ ಸುದ್ದಿ ಮುಟ್ಟಿ ನಾನು ಓಡಿ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಈಚೆಗೆ ಆ ಮಾಲೀಕನೂ ಹೋದನಂತೆ. ಸುದ್ದಿ ತಂದವರು “ಪಾಪ” ಅಂದರು. ನನ್ನ ಬಾಯಿಗೆ ಆ ಮಾತು ಬರಲಿಲ್ಲ. ಖಾಲಾ ಇದ್ದಿದ್ದರೆ, ಈ ವಯಸ್ಸಿನಲ್ಲೂ, ಆ ಸುದ್ದಿ ಆಕೆಗೆ ಹೇಳಲು ಓಡಿಹೋಗುತ್ತಿದ್ದೆ.