ನಿಂತ ಬೈಕಿನ ಕೆಂಪು ದೀಪ

ಬೆಳಗಿನ ಐದೂಮುಕ್ಕಾಲು. ಕುರುಬರಹಳ್ಳಿಯ ಆ ಅಡ್ಡರಸ್ತೆಯಲ್ಲಿ ಹಾಲಿನ ಬೂತ್ ಬಿಟ್ಟರೆ ಬೇರೆ ಯಾವ ಬಾಗಿಲೂ ತೆರೆದಿಲ್ಲ. ಬೂತಿನ ಪಕ್ಕದ ಬ್ಯಾಟರಿ ಅಂಗಡಿಯ ಷಟರ್ ಮಾತ್ರ ಮೊಳಕಾಲೆತ್ತರಕ್ಕೆ ಎದ್ದಿದೆ. ಬಗ್ಗಿ ನೋಡಿದರೆ ಒಳಗೆ ಅರೆಗತ್ತಲು. ಸೀರೆಯ ಮೇಲೆ ಗಂಡಸಿನ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬರು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಣ್ಣೆತ್ತರಕ್ಕೆ ಮೊಳೆಗೆ ತೂಗುಹಾಕಿದ ಪುಟ್ಟ ಬಲ್ಬನ್ನು ದಿಟ್ಟಿಸುತ್ತಿದ್ದಾರೆ. ಅವರು ಕಲಾವತಿ. ನಿಲ್ಲಿಸಿದಲ್ಲೇ ಬ್ಯಾಟರಿ ಇಳಿದುಹೋಗುವ ಬೈಕು ಬಸವೇಶ್ವರನಗರದಲ್ಲಿರಲಿ, ವಿಜಯನಗರದಲ್ಲಿರಲಿ, ಕೊನೆಗೆ ಬಂದು ನಿಲ್ಲುವುದು ಇವರ ಮುಂದೆ.

ಬೈಕಿನ ಕೀಲಿ ತೆಗೆದಾಗಿದೆ. ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿ, ವಯರಿಗೂ ಬ್ಯಾಟರಿಗೂ ನಡುವೆ ಆ ಬಲ್ಬನ್ನು ಸೇರಿಸಿದ್ದಾರೆ. ಗಾಡಿ ನೆಟ್ಟಗಿದ್ದರೆ ಬಲ್ಬ್ ಹತ್ತಿಕೊಳ್ಳುವ ಹಾಗಿಲ್ಲ. ಆದರೆ ಅದರೊಳಗಿನ ತಂತಿ ಮಂಕಾಗಿ ಕೆಂಪಗಾಗಿದೆ. ಎಲ್ಲೋ ಕರೆಂಟು ಸೋರುತ್ತಿದೆ.

"ಬಿಸಿಲು ಬಿದ್ಮೇಲೆ ಇಷ್ಟು ಸಣ್ಣ ಬೆಳಕು ಕಾಣಲ್ಲ ಸಾರ್. ಅದಕ್ಕೇ ಲೀಕೇಜ್ ಗಾಡಿ ಎಲ್ಲಾ ಬೆಳಗಿನ ಜಾವವೇ ನೋಡೋದು. ಹೊಸ ಬ್ಯಾಟರಿ ಹಾಕ್ಬಿಡೋದು ಸುಲಭ. ಹೊಸದೂ ಹಿಂಗೇ ಇಳೀತದೆ, ಆಮೇಲೆ ಕಂಪನಿಯೋರ್ನ ಬೈಕೋತಾರೆ" ಎಂದು ನೋಡಲು ಹೋದ ನಮಗೆ ಹೇಳುತ್ತಾ ಕಲಾವತಿ ವಯರುಗಳನ್ನು ಜೋಡಿಸುವ ಕಪ್ಲರ್ ಒಂದೊಂದಾಗಿ ಕೀಳುತ್ತಾರೆ. ಹಾರ್ನಿನದು ಕಿತ್ತರು, ಬಲ್ಬ್ ಹಾಗೇ ಇದೆ. ಹೆಡ್‌ಲೈಟಿನದು ಕಿತ್ತರು, ಹಾಗೇ ಇದೆ. ಸೀಟಿನ ಅಡಿಯಲ್ಲಿ ಧೂಳು ಮೆತ್ತಿದ ಕಪ್ಪು ಡಬ್ಬಿಯೊಂದರ ವಯರ್ ಎಳೆದಾಗ ಬಲ್ಬ್ ಆರಿತು. "ಹೋಯ್ತು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಅಂಗಡಿಯಲ್ಲಿ ಕೇಳಿಸಿಕೊಳ್ಳುವವರು ಇರಲಿ, ಇಲ್ಲದಿರಲಿ, ಆ ಮಾತು ಹೇಳದೆ ಅವರ ಕೆಲಸ ಮುಗಿಯುವುದಿಲ್ಲ.

ಅದಕ್ಕೊಂದು ಹಿನ್ನೆಲೆ ಇದೆ. ಹದಿಮೂರು ವರ್ಷದ ಹಿಂದೆ ಮುಧೋಳದ ಕಡೆಯಿಂದ ಗಂಡ ಶಿವಯೋಗಿಯ ಜೊತೆ ಬೆಂಗಳೂರಿಗೆ ಬಂದಾಗ ಕಲಾವತಿಗೆ ಬ್ಯಾಟರಿ ಎಂದರೆ ಟಾರ್ಚಿಗೆ ಹಾಕುವುದು ಅಷ್ಟೇ. ಶಿವಯೋಗಿ ಈ ಅಂಗಡಿ ಇಟ್ಟರು. ಮಧ್ಯಾಹ್ನ ಬುತ್ತಿ ತಂದ ಹೆಂಡತಿಯನ್ನು ಸುಮ್ಮನೆ ಕೂರಿಸದೆ ಬಲ್ಬಿನ ಮುಂದೆ ಕೂರಿಸುತ್ತಿದ್ದರು. ಅವರು ಗಾಡಿಯ ಹಿಂದೆ ಕೂತು ವಯರ್ ಕೀಳುವುದು, ಬಲ್ಬ್ ಆರಿದ ಕೂಡಲೇ ಇವರು "ಹೋಯ್ತು" ಎನ್ನುವುದು. ಅಷ್ಟೇ ಕೆಲಸ. ನೋಡುತ್ತಾ ನೋಡುತ್ತಾ ಯಾವ ವಯರ್ ಎಲ್ಲಿಗೆ ಹೋಗುತ್ತದೆ ಎಂಬುದು ಕೈಗೇ ಬಂತು.

"ಇದು ಇಬ್ಬರು ಮಾಡೋ ಕೆಲಸ ಸಾರ್" ಎನ್ನುತ್ತಾರೆ ಕಲಾವತಿ. "ಈಗ ಕೀಳೋಳೂ ನಾನೇ, ನೋಡೋಳೂ ನಾನೇ. ಅದಕ್ಕೇ ಬಲ್ಬ್‌ನ ಮೊಳೆಗೆ ಹಾಕಿರೋದು."

ಎರಡು ಸಾವಿರದ ನಾಲ್ಕರ ಶ್ರಾವಣದಲ್ಲಿ ಶಿವಯೋಗಿ ಮಸ್ಕತ್ತಿನ ಗಾಡಿ ವರ್ಕ್‌ಷಾಪಿಗೆ ಎಲೆಕ್ಟ್ರಿಷಿಯನ್ ಆಗಿ ಹೋದರು. ಮಾಗಡಿ ರೋಡಿನಲ್ಲಿ ದೊಡ್ಡ ಅಂಗಡಿ ಮಾಡುವ ಆಸೆ. ಎರಡೇ ವರ್ಷ ಎಂದು ಹೊರಟವರು. ಎರಡು ಹೋಗಿ ಮೂರನೆಯದೂ ಮುಗಿಯುತ್ತಾ ಬಂದಿದೆ. ಕಳೆದ ದೀಪಾವಳಿಗೆ ಬರುವುದಿತ್ತು, ಬರಲಿಲ್ಲ. ಈಗ ಬರುವ ವಾರದ ಯುಗಾದಿಗೆ ಬರುತ್ತಾರೆ ಎಂಬ ಮಾತಿದೆ.

ಮೊದಮೊದಲು ಗಿರಾಕಿಗಳು ಅಂಗಡಿಯೊಳಗೆ ಇಣುಕಿ, "ಯಜಮಾನ್ರು ಇಲ್ವಾ ಅಮ್ಮಾ?" ಎಂದು ಕೇಳಿ ಬಂದ ದಾರಿ ಹಿಡಿಯುತ್ತಿದ್ದರು. ಆರು ತಿಂಗಳು ಅದೇ ಪಾಡು. ಆ್ಯಸಿಡ್ ಸಿಡಿದು ನಾಲ್ಕು ಸೀರೆ ತೂತು ಬಿದ್ದ ಮೇಲೆ ಕಲಾವತಿ ಟ್ರಂಕಿನಿಂದ ಗಂಡನ ಖಾಕಿ ಅಂಗಿ ತೆಗೆದು ಹಾಕಿಕೊಂಡರು. ಈಗ ದಿನಕ್ಕೆ ಏಳೆಂಟು ಗಾಡಿ, ಅದರಲ್ಲಿ ಮೂರಾದರೂ ನಿಂತಲ್ಲೇ ಇಳಿಯುವ ಕೇಸು. ಚಾರ್ಜಿಗೆ ಇಟ್ಟ ಹನ್ನೆರಡು ಬ್ಯಾಟರಿಗಳು ಗೋಡೆಯುದ್ದಕ್ಕೂ ಸಾಲಾಗಿ ಕೂತಿರುತ್ತವೆ. ಎದುರು ಮನೆಯ ಶಿವಗಂಗಮ್ಮ ಮಧ್ಯಾಹ್ನ ಊಟಕ್ಕೆ ಕೂಗಿದರೆ ಒಂದು ಕೈಯಲ್ಲಿ ಸೋಪು ಹಿಡಿದೇ ಹೋಗಬೇಕು. ಆ್ಯಸಿಡ್ ಕೈಯಲ್ಲಿ ತಟ್ಟೆ ಮುಟ್ಟಲು ಆಕೆ ಬಿಡುವುದಿಲ್ಲ.

ಎಂಟಕ್ಕೆ ಬೈಕಿನ ಒಡೆಯರು ಬಂದರು. ಬಸವೇಶ್ವರನಗರದ ಹೈಸ್ಕೂಲು ಮೇಷ್ಟರು ಜಗನ್ನಾಥ. ಎರಡು ಬ್ಯಾಟರಿ ಬದಲಾಯಿಸಿ ಸೋತವರು. ಕಲಾವತಿ ಕಪ್ಪು ಡಬ್ಬಿಯನ್ನು ಅವರ ಕೈಗಿಟ್ಟರು.

"ಕಳ್ಳರ ಅಲಾರಂ ಹಾಕ್ಸಿದ್ರಾ ಸಾರ್?"

ಮೇಷ್ಟರು ತಲೆ ಕೆರೆದುಕೊಂಡರು. "ಅಯ್ಯೋ, ಅದು ಎರಡು ವರ್ಷದ ಕಥೆ ಕಣಮ್ಮಾ. ಬೆಕ್ಕು ಹತ್ತಿದ್ರೂ ಕೂಗ್ತಿತ್ತು. ಬೀದಿಯೋರೆಲ್ಲಾ ಜಗಳಕ್ಕೆ ಬಂದ್ರು ಅಂತ ಸೈರನ್ ಕಿತ್ತು ಬಿಸಾಕಿಸ್ದೆ."

"ಬಾಯಿ ಕಿತ್ತಿದೀರಿ, ಹೊಟ್ಟೆ ಬಿಟ್ಟಿದೀರಿ. ಇದು ಕೂತು ತಿಂತಾ ಇತ್ತು."

ಮೇಷ್ಟರು ನಕ್ಕು ಗಾಡಿ ಸ್ಟಾರ್ಟ್ ಮಾಡಿದರು. ಒಂದೇ ಸಲಕ್ಕೆ ಎದ್ದಿತು. ಹೊರಡುವ ಮುನ್ನ ಅವರ ಕಣ್ಣು ಅಂಗಡಿಯ ಮೂಲೆಗೆ ಹೋಯಿತು. ಅಲ್ಲಿ ಹಳೆಯ ಬೆಡ್‌ಶೀಟ್ ಹೊದ್ದ ಇನ್ನೊಂದು ಬೈಕು. ಹ್ಯಾಂಡಲ್ಲಿನ ನಡುವೆ, ಬಟ್ಟೆಯ ಅಂಚಿನಡಿ, ಬನಶಂಕರಿ ಅಮ್ಮನ ಪುಟ್ಟ ಪಟ. ಪಟದ ಹಿಂದೆ ಸಾಸಿವೆಯಷ್ಟು ಕೆಂಪು ದೀಪ. ಕೀಲಿ ಇಲ್ಲ, ದೀಪ ಉರಿಯುತ್ತಿದೆ.

"ಅಲ್ಲಮ್ಮಾ, ಊರಿನ ಲೀಕೇಜ್ ಎಲ್ಲಾ ಹಿಡಿಯೋರು ನೀವು. ಇದು?" ಎಂದರು ಮೇಷ್ಟರು.

ಕಲಾವತಿ ಬೆಡ್‌ಶೀಟ್ ಸರಿಮಾಡಿದರು. "ಇದು ನಮ್ಮೋರ ಗಾಡಿ ಸಾರ್."

ಗಾಡಿ ಕೊಂಡ ದಿನ ಪೂಜೆ ಆದ ಮೇಲೆ ಶಿವಯೋಗಿ ತಮ್ಮ ಕೈಯಾರೆ ಆ ಪಟ, ಆ ದೀಪ ಕೂರಿಸಿದ್ದರು. ಕೀಲಿಯ ವಯರಿಗೆ ಜೋಡಿಸಿದರೆ ಕೀಲಿ ತೆಗೆದ ಕೂಡಲೇ ದೀಪ ಆರುತ್ತದೆ. ಅಂಗಡಿಯ ದೇವರ ಮುಂದಿನ ಬಲ್ಬನ್ನೇ ರಾತ್ರಿ ಆರಿಸದ ಮನುಷ್ಯನಿಗೆ ಅದು ಒಪ್ಪಿಗೆಯಾಗಲಿಲ್ಲ. ನೇರ ಬ್ಯಾಟರಿಗೇ ಕೊಟ್ಟುಬಿಟ್ಟರು. ಬೇರೆಯವರು ಹೀಗೆ ಮಾಡಿ ತಂದಿದ್ದರೆ ಇದೇ ಶಿವಯೋಗಿ ಬೈದು ಬಿಚ್ಚಿಸುತ್ತಿದ್ದರು.

"ಆಗ ದಿನಾ ಓಡಿಸ್ತಿದ್ರು. ದೀಪ ತಿಂದಿದ್ದನ್ನ ಇಂಜಿನ್ ತುಂಬಿಸಿಬಿಡ್ತಿತ್ತು. ಲೀಕೇಜ್ ಇದೆ ಅಂತ ಗೊತ್ತೇ ಆಗ್ಲಿಲ್ಲ. ಗಾಡಿ ನಿಂತ್ಮೇಲೇ ಗೊತ್ತಾಗಿದ್ದು" ಎಂದು ಕಲಾವತಿ ಹೇಳುತ್ತಾರೆ. ಇಷ್ಟು ಸಣ್ಣ ಸೋರಿಕೆಗೆ ಬಲ್ಬ್ ಹತ್ತುವುದಿಲ್ಲ, ಮೀಟರ್ ಬೇಕು. ಅವರು ಮೀಟರನ್ನೂ ಹಿಡಿಯಲಿಲ್ಲ. ನಿಂತ ಗಾಡಿ ಎದ್ದೇಳದ ಮೊದಲ ದಿನವೇ ಸೋರಿಕೆ ಈ ದೀಪದ್ದೇ ಎಂದು ಗೊತ್ತಾಗಿತ್ತು. ಇಪ್ಪತ್ತು ದಿನ ಬಿಟ್ಟರೆ ಸೆಲ್ಫ್ ಸ್ಟಾರ್ಟ್ ಆಗುವುದಿಲ್ಲ. ಹಾಗಾಗಿ ಇಪ್ಪತ್ತು ದಿನಕ್ಕೊಮ್ಮೆ ಆ ಬ್ಯಾಟರಿಯೂ ಗೋಡೆಯ ಸಾಲಿಗೆ ಬರುತ್ತದೆ, ತುಂಬಿಕೊಂಡು ಹೋಗುತ್ತದೆ. ಮೂರು ವರ್ಷದಿಂದ ಒಮ್ಮೆಯೂ ತಪ್ಪಿಲ್ಲ. ಕಲಾವತಿಗೆ ಬೈಕ್ ಓಡಿಸಲು ಬರುವುದಿಲ್ಲ. ಹಿಂದೆ ಕೂತು ಗೊತ್ತು ಅಷ್ಟೇ.

ನಿಮಗೇನು ಆಸೆ ಎಂದು ಕೇಳಿದರೆ ದೊಡ್ಡ ಅಂಗಡಿಯ ಮಾತು ಎತ್ತುವುದಿಲ್ಲ. "ಭಾನುವಾರ ಬ್ಯಾಡರಹಳ್ಳಿ ದಾಟಿ ಕರ್ಕೊಂಡು ಹೋಗ್ತಿದ್ರು. ಅಲ್ಲೊಂದು ಹುಣಸೇಮರ. ಅದರಡಿ ಕೂತು ರೊಟ್ಟಿ ತಿಂದು ಬರೋದು, ಅಷ್ಟೇ. ಈಗ ಅಲ್ಲೆಲ್ಲಾ ಸೈಟ್ ಆಗಿದೆಯಂತೆ. ಮರ ಇಲ್ದಿದ್ರೆ ಬೇಡ. ಹಿಂದೆ ಕೂತು ಹೋಗಿ ಬಂದ್ರೆ ಸಾಕು."

ಎಂಟೂವರೆಗೆ ಮೊಬೈಲ್ ಹೊಡೆದುಕೊಂಡಿತು. ಶುಕ್ರವಾರ ಮಸ್ಕತ್ತಿನಲ್ಲಿ ರಜೆ, ಅಲ್ಲಿ ಈಗ ಏಳು ಗಂಟೆ. ಕಲಾವತಿ ಕೈಯನ್ನು ಅಂಗಿಗೆ ಒರೆಸಿಕೊಂಡು ಫೋನ್ ಎತ್ತಿದರು. ಗಿರಾಕಿಗಳ ಮುಂದಿನ ಬೆಂಗಳೂರು ಮಾತು ಹೋಗಿ ಮುಧೋಳದ ಮಾತು ಬಂತು.

"ಹೂಂ, ಹೇಳ್ರಿ. ಗಾಡಿ ನಿನ್ನೆನ ಚಾರ್ಜ್ ಮಾಡಿಟ್ಟೀನಿ. ಒಂದ ಸಲಕ್ಕ ಏಳತೈತಿ."

ಆಮೇಲೆ ತುಂಬಾ ಹೊತ್ತು ಕೇಳಿಸಿಕೊಂಡರು. ಬದಲಿ ಮನುಷ್ಯ ಇನ್ನೂ ಬಂದಿಲ್ಲವಂತೆ. ಯುಗಾದಿಗೆ ರಜೆ ಇಲ್ಲ. ಶ್ರಾವಣಕ್ಕೆ ನೋಡೋಣ ಎಂದು ವರ್ಕ್‌ಷಾಪಿನವರು ಹೇಳಿದ್ದಾರಂತೆ. ಕಲಾವತಿ ಷಟರಿನ ಕಡೆಗೆ ತಿರುಗಿ ನಿಂತರು. ಹೆಗಲ ಮೇಲೆ ಖಾಕಿ ಅಂಗಿ ದೊಗಳೆಯಾಗಿ ಜೋತಾಡುತ್ತಿತ್ತು. ಅದು ಅವರ ಅಳತೆಯದಲ್ಲ.

"ಶ್ರಾವಣಾ?" ಎಂದರು. "ಆತು ಬಿಡ್ರಿ."

ಅತ್ತ ಕಡೆಯಿಂದ ಶಿವಯೋಗಿ ಗಾಡಿಯ ಮಾತು ತೆಗೆದಿರಬೇಕು. ಇನ್ನೂ ಐದು ತಿಂಗಳು, ಸುಮ್ಮನೆ ಬ್ಯಾಟರಿ ಹಾಳು, ಆ ದೀಪದ ವಯರ್ ಕತ್ತರಿಸಿಬಿಡು ಎಂದು. ಕಲಾವತಿ ಮೂಲೆಗೆ ಹೋಗಿ ಬೆಡ್‌ಶೀಟ್ ಎತ್ತಿ ನೋಡಿದರು. ದೀಪ ಉರಿಯುತ್ತಲೇ ಇತ್ತು. ಸೆರಗಿನಿಂದ ಪಟದ ಮೇಲಿನ ಧೂಳು ಒರೆಸಿದರು.

"ಕತ್ರಿಸಂಗಿಲ್ಲ" ಎಂದರು. "ತಪ್ಪ ಜೋಡ್ಸಿದವ್ರು ನೀವು. ನೀವ ಬಂದು ಬಿಚ್ರಿ."