ಸ್ಪೀಕರಿನೊಳಗಿನ ಕಬ್ಬಿಣದ ಪುಡಿ

ಕಮರಿಪೇಟೆಯ ನಮ್ಮ ಮನೆಗೆ ಪೊಲೀಸರು ನುಗ್ಗಿದ್ದು ದೀಪ ಹಚ್ಚುವ ಹೊತ್ತಿಗೆ. ನಲವತ್ತೆರಡರ ಮಳೆಗಾಲ. ಮನೆಯಲ್ಲಿದ್ದವರು ಮೂರು ಜನ: ನನ್ನ ಗಂಡ, ಅವರ ತಾಯಿ, ನಾನು. ನಾನು ಕಣ್ಣಾರೆ ಕಂಡದ್ದನ್ನು ಮಾತ್ರ, ಕಂಡ ಕ್ರಮದಲ್ಲೇ ಬರೆಯುತ್ತೇನೆ. ಈಗಲೂ ಕೆಲವು ಕಡೆ ಕೈ ನಿಲ್ಲುತ್ತದೆ.

ನಮ್ಮವರು ಹತ್ತಿ ಬಿಡಿಸುವ ಜಿನ್ನಿನಲ್ಲಿ ಕಾರಕೂನರು. ಅವರ ಬರೆಯುವ ಕೈಯಿಂದಲೇ ಮೂವರ ಊಟ ನಡೆಯುತ್ತಿತ್ತು. ರೇಡಿಯೋ ಅವರ ಹುಚ್ಚು. ಯುದ್ಧ ಶುರುವಾಗುವ ಮೊದಲು ಮುಂಬಯಿಯಿಂದ ಒಂದು ಪೆಟ್ಟಿಗೆ ತುಂಬ ಬಿಡಿಭಾಗ ತರಿಸಿ, ಜೊತೆಗೆ ಬಂದ ನಕ್ಷೆಯನ್ನು ಗೋಡೆಗೆ ಅಂಟಿಸಿಕೊಂಡು, ಒಂದೊಂದೇ ತಂತಿ ಬೆಸೆದು ಸೆಟ್ಟು ಕಟ್ಟಿದ್ದರು. ಅದು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಕೇಳುವುದಕ್ಕೆ ಬೇಕಾದ ಸರಕಾರಿ ಪರವಾನಗಿಯೂ ಇತ್ತು. ಅದರಿಂದ ಕೇಳಬಹುದಿತ್ತೇ ಹೊರತು ಯಾರೊಡನೆಯೂ ಮಾತಾಡಲು ಬರುತ್ತಿರಲಿಲ್ಲ.

ಆ ವಾರ ಅದರ ದನಿ ಕೆಟ್ಟಿತ್ತು. ಸಣ್ಣಗೆ ಇಟ್ಟರೆ ಸರಿ ಇರುತ್ತಿತ್ತು. ಏರಿಸಿದರೆ, ಅದರಲ್ಲೂ ಗಂಡಸಿನ ದಪ್ಪ ದನಿ ಬಂದರೆ, ತಗಡಿನ ಮೇಲೆ ಮರಳು ತಿಕ್ಕಿದಂತೆ ಕೇಳುತ್ತಿತ್ತು. ನಮ್ಮವರು ಸ್ಪೀಕರನ್ನು ಬಿಚ್ಚಿ, ಅದರ ಕಾಗದದ ಬಟ್ಟಲನ್ನು ಎರಡೂ ಕಡೆ ಬೆರಳಿನಿಂದ ಮೆಲ್ಲಗೆ ಒತ್ತಿ, ಕಿವಿ ಹತ್ತಿರ ಒಯ್ದು ನನ್ನನ್ನು ಕರೆದರು.

"ಏ, ಬಾ ಇಲ್ಲೆ. ಕೇಳು. ಖರ್ ಅಂತದ ನೋಡು, ಎಲ್ಲೋ ತಾಕತದ."

ಆ ಬಟ್ಟಲಿನ ಹಿಂದೆ ತಂತಿ ಸುತ್ತಿದ ಒಂದು ಸಣ್ಣ ಕೊಳವೆ ಇರುತ್ತದೆ. ಅದು ಅಯಸ್ಕಾಂತದ ಸೀಳಿನೊಳಗೆ ಎಲ್ಲೂ ತಾಕದೆ ಆಡಬೇಕು. ಹಿಂದಿನ ಭಾನುವಾರ ಅವರು ಅದೇ ಮೇಜಿನ ಮೇಲೆ ಕಬ್ಬಿಣದ ಪಟ್ಟಿಗೆ ಅರ ಹಾಕಿದ್ದರು. ಉದುರಿದ ಪುಡಿಯನ್ನು ಅಯಸ್ಕಾಂತ ಎಳೆದುಕೊಂಡಿತ್ತು. ಅವರು ಬಟ್ಟಲನ್ನು ಒಂದು ಕಡೆ ಎತ್ತಿ, ಆ ಸೀಳಿಗೆ ಬಾಯಿ ಹಚ್ಚಿ ಊದತೊಡಗಿದರು. ಊದುವುದು, ಕಿವಿ ಇಟ್ಟು ಕೇಳುವುದು, ಮತ್ತೆ ಊದುವುದು. ಬೆಳಕಿಗೆಂದು ಓಣಿಯ ಕಡೆಯ ಕಿಡಕಿ ತೆರೆದಿದ್ದೆವು.

ಹಿಂದಿನ ದಿನ ಯಾರೋ ತಾರಿನ ತಂತಿ ಕಡಿದಿದ್ದರಿಂದ ನಮ್ಮ ಓಣಿಯ ಮೂಲೆಯಲ್ಲಿ ಒಬ್ಬ ಪೊಲೀಸನನ್ನು ನಿಲ್ಲಿಸಿದ್ದರು. ಅವನು ಕಿಡಕಿಯಿಂದ ನೋಡಿದ್ದಾನೆ. ಒಬ್ಬ ಮನುಷ್ಯ ಯಂತ್ರಕ್ಕೆ ಬಾಯಿ ಹಚ್ಚುತ್ತಾನೆ, ಆಮೇಲೆ ಕಿವಿ ಹಚ್ಚುತ್ತಾನೆ. ಓಡಿಹೋಗಿ ಪೊಲೀಸ್ ಚೌಕಿಯ ಫೌಜದಾರನನ್ನೇ ಕರೆತಂದ.

ಬಾಗಿಲು ಬಡಿಯಲಿಲ್ಲ. ಒದ್ದರು. ನಮ್ಮವರು ಮೇಜಿನಿಂದ ಏಳುವ ಮೊದಲೇ ಪೊಲೀಸನ ಲಾಠಿ ಅವರ ಹೆಗಲ ಮೇಲೆ ಬಿತ್ತು. ಎರಡನೆಯದು ಮೊಣಕಾಲ ಕೆಳಗೆ. ಅವರು ಬಿದ್ದರು. ಬಿದ್ದವರ ಹೊಟ್ಟೆಗೆ ಬೂಟುಗಾಲು. ಹುಬ್ಬು ಮೇಜಿನ ಕಾಲಿಗೆ ತಾಕಿ ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಪೊಲೀಸ ಅವರ ಕೈಗಳನ್ನು ಹಿಂದಕ್ಕೆ ತಿರುವಿ ಹಗ್ಗದಿಂದ ಬಿಗಿದ. ಇಷ್ಟೂ ಹೊತ್ತು ಫೌಜದಾರ ಗೋಡೆಯ ಮೇಲಿನ ನಕ್ಷೆ ನೋಡುತ್ತ ನಿಂತಿದ್ದ.

"ಏನಪಾ, ಏನಂತಾರ ಜಪಾನದವ್ರು?" ಎಂದು ಕೇಳಿದ. "ಚಹಾ ಆತಂತೇನು?"

ಅತ್ತೆ ಅಡಿಗೆಮನೆಯಿಂದ ಬಂದು ಮಗನ ಮೇಲೆ ಬಗ್ಗಿ ನಿಂತರು. "ಮಾತಾಡಿಲ್ರೀ ನನ್ನ ಮಗ. ಊದಲಿಕ್ಕೆ ಹತ್ತಿದ್ದ, ಬರೇ ಊದಲಿಕ್ಕೆ ಹತ್ತಿದ್ದ."

"ಒಲಿ ಐತೇನ ಮುದುಕಿ ಅದು, ಊದಾಕ?" ಎಂದ ಪೊಲೀಸ.

ನಾನು ಪರವಾನಗಿ ತಂದು ಕೊಟ್ಟೆ. ಫೌಜದಾರ ಅದನ್ನು ಓದಿ ಮಡಚಿದ. "ಇದು ಕೇಳಾಕ ಕೊಟ್ಟದ್ದವಾ. ಮಾತಾಡಾಕ ಅಲ್ಲ. ಚೌಕಿಗೆ ಬರಲಿ, ಅಲ್ಲಿ ಮಾತಾಡ್ತಾನ."

ಚೌಕಿ ಎಂದರೆ ಏನೆಂದು ನಮಗೆ ಗೊತ್ತಿತ್ತು. ಹಿಂದಿನ ಓಣಿಯ ನೇಕಾರರ ಹುಡುಗನನ್ನು ಒಯ್ದಿದ್ದರು. ಅವನು ಹೊರಸಿನ ಮೇಲೆ ಮಲಗಿ ಮನೆಗೆ ಬಂದ, ಮತ್ತೆ ಏಳಲಿಲ್ಲ. ಅವನ ಅಂಗಾಲು ನಾನು ನೋಡಿದ್ದೇನೆ. ಅದರ ಬಗ್ಗೆ ಬರೆಯುವುದಿಲ್ಲ.

ನೆಲದ ಮೇಲಿನಿಂದಲೇ ನಮ್ಮವರು ಹೇಳಿದರು: "ಸಾಹೇಬ್ರ, ಹಚ್ಚಿ ತೋರಸ್ತೇನಿ. ಬರೇ ಮುಂಬಯಿ ಸುದ್ದಿ ಕೇಳ್ತದ ಇದು. ಖರೇನೋ ಸುಳ್ಳೋ ನೀವಽ ನೋಡ್ರಿ."

ಫೌಜದಾರ ಒಪ್ಪಿದ. ಅವರು ಹೇಳಿದಂತೆ ನಾನು ಬಟ್ಟಲನ್ನು ಕೂರಿಸಿ ಗುಂಡಿ ತಿರುವಿದೆ. ದನಿ ಬಂತು. ಆದರೆ ಎಂಥ ದನಿ! ಊದಿದ್ದರಿಂದ ಪುಡಿ ಹೊರಗೆ ಬಂದಿರಲಿಲ್ಲ, ಇನ್ನೂ ಒಳಗೆ ಹೋಗಿತ್ತು. ಖರ್ ಖರ್ ಎನ್ನುವುದರಲ್ಲಿ ಒಂದು ಮಾತೂ ತಿಳಿಯಲಿಲ್ಲ.

"ಕೇಳಿದ್ರೇನ್ರಿ ಸಾಹೇಬ್ರ?" ಪೊಲೀಸ ಹಿಗ್ಗಿದ. "ಗುಪ್ತ ಭಾಷಾ ಐತ್ರಿ ಇದು!" ಎಂದವನೇ ನಮ್ಮವರ ಪಕ್ಕೆಗೆ ಮತ್ತೆ ಒದ್ದ.

ಫೌಜದಾರ ಕುರ್ಚಿ ಎಳೆದುಕೊಂಡು ಕುಳಿತ. "ಮನಷ್ಯಾರ ದನಿ ಬರಬೇಕು. ನನಗ ತಿಳಿಯೂವಂಗ ಬರಬೇಕು. ಬಂದ್ರ ಹೊಕ್ಕೇನಿ. ಇಲ್ಲಂದ್ರ ಇವನ್ನ ಕರಕೊಂಡು ಹೊಕ್ಕೇನಿ. ಬಿಚ್ಚೋ ಹಗ್ಗ."

ಪೊಲೀಸ ಹಗ್ಗ ಬಿಚ್ಚಿದ. ನಮ್ಮವರು ಸ್ಕ್ರೂ ತಿರುವುವ ಹತಾರ ಹಿಡಿಯಲು ನೋಡಿದರು, ಅದು ಕೈಯಿಂದ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಬೆರಳು ಜೋಮು ಹಿಡಿದಿದ್ದವು, ಒಂದು ಕಣ್ಣು ರಕ್ತದಿಂದ ಮುಚ್ಚಿತ್ತು. ಅವರು ನನ್ನ ಕಡೆ ನೋಡಿದರು.

"ನೀನಽ ಮಾಡಬೇಕು. ಹೇಳ್ತೇನಿ. ಅಂಚಿನ ಸ್ಕ್ರೂ ಎಲ್ಲಾ ಬಿಚ್ಚು. ನಡುವಿಂದೂ ಬಿಚ್ಚು. ಎರಡು ಸಣ್ಣ ತಂತಿ ಅವ, ಅವು ಹರದ್ರ ಮುಗೀತು."

ನಾನು ಬಿಚ್ಚಿದೆ. ಸೆರಗು ಜಾರಿದರೂ ಎಳೆದುಕೊಳ್ಳಲಿಲ್ಲ. ಬಟ್ಟಲನ್ನು ಆ ಎರಡು ತಂತಿಯ ಅಳತೆಗಷ್ಟೇ ಎತ್ತಿ ಅತ್ತೆಯ ಕೈಗೆ ಕೊಟ್ಟೆ. ಸೀಳಿನ ಅಂಚಿಗೆ ಪುಡಿ ಕೂದಲಿನಂತೆ ನಿಂತಿತ್ತು.

"ಊದಬಾರದಾಗಿತ್ತು," ಎಂದರು ನಮ್ಮವರು. "ಅಯಸ್ಕಾಂತ ಬಿಡೂದಿಲ್ಲ ಅದನ್ನ. ಅಂಟಿಸಿ ತಗೀಬೇಕು. ಏನರ ಅಂಟು ಬೇಕು, ಒದ್ದಿ ಇರಬಾರದು."

ನನಗೆ ಹೊಳೆದದ್ದು ಕುಂಕುಮದ ಮೇಣ. ಆಗ ನಾವು ಹಣೆಗೆ ಮೊದಲು ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತಿದ್ದೆವು. ಮೇಣದ ಡಬ್ಬಿ ತಂದು, ಪೋಸ್ಟ್ ಕಾರ್ಡನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ, ಅದರ ತುದಿಗೆ ಮೇಣ ತೆಳ್ಳಗೆ ಸವರಿ ಸೀಳಿಗೆ ಇಳಿಸಿದೆ.

"ಏನ್ರಿ ಇದು, ಪೂಜಿ ಮಾಡಾಕತ್ತಾಳೇನು?" ಪೊಲೀಸ ನಕ್ಕ. ಫೌಜದಾರ ನಗಲಿಲ್ಲ. ಮೇಜಿನ ಹತ್ತಿರ ಬಂದು ನೋಡತೊಡಗಿದ.

ಪಟ್ಟಿ ಎತ್ತಿದಾಗ ಮೇಣ ಕಪ್ಪಾಗಿತ್ತು. ಒರೆಸಿ ಮತ್ತೆ ಸವರಿದೆ, ಮತ್ತೆ ಇಳಿಸಿದೆ. ನಮ್ಮವರ ಹುಬ್ಬಿನ ರಕ್ತ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಸೀಳಿಗೆ ಬೀಳದಂತೆ ಅವರು ಮುಖ ಆಚೆಗೆ ತಿರುವಿಕೊಂಡೇ ಹೇಳುತ್ತಿದ್ದರು. ಮೇಣ ಬೆಳ್ಳಗೆ ಬರುವವರೆಗೆ ಮಾಡಿದೆ. ಆಮೇಲೆ ಕೊಳವೆ ಸೀಳಿನ ನಟ್ಟನಡುವೆ ಕೂರಬೇಕಲ್ಲ, ಅದಕ್ಕೆ ಸುತ್ತಲೂ ತೆಳು ಕಾಗದದ ಚೂರು ಸಿಗಿಸಿ, ಸ್ಕ್ರೂ ಬಿಗಿದು, ಚೂರುಗಳನ್ನು ಎಳೆದು ತೆಗೆದೆ. ಬೆರಳಿನಿಂದ ಒತ್ತಿದೆ. ಏನೂ ಕೇಳಲಿಲ್ಲ.

"ಹಚ್ಚು," ಎಂದರು.

ಗುಂಡಿ ತಿರುವಿದೆ. ವಾಲ್ವು ಬಿಸಿಯಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಂಬಯಿಯ ಗಂಡಸಿನ ದನಿ, ಎದುರಿಗೆ ಕೂತು ಮಾತಾಡಿದಷ್ಟು ಸ್ವಚ್ಛ. ಸರಕಾರದ್ದೇ ಸುದ್ದಿ, ಹಿಂದುಸ್ತಾನಿಯಲ್ಲಿ. ದನಿ ಏರಿಸಿದೆ. ಖರ್ ಅನ್ನಲಿಲ್ಲ.

ಫೌಜದಾರ ಸ್ವಲ್ಪ ಹೊತ್ತು ಕೇಳಿದ. ಎದ್ದ. ಪೊಲೀಸನ ಕಪಾಳಕ್ಕೆ ಬಾರಿಸಿದ. ಅವನ ಟೋಪಿ ಹಾರಿ ಬಿತ್ತು.

"ಇದೇನೋ ನಿನ್ನ ಜಪಾನ? ಹಾಂ?" ಇನ್ನೊಂದು ಕಪಾಳಕ್ಕೆ. "ಕತ್ತಿಮಗನ, ಸರಕಾರದ ಸುದ್ದಿ ಹಿಡಿಯಾಕ ನನ್ನ ಕರಕೊಂಡು ಬಂದಿ?" ಸೊಂಟದ ಪಟ್ಟಿ ಬಿಚ್ಚಿ ನಮ್ಮೆದುರಿಗೇ ಅವನ ಕುತ್ತಿಗೆಗೆ, ಬೆನ್ನಿಗೆ ಹೊಡೆದ. ಪೊಲೀಸ ಕೈ ಅಡ್ಡ ತರಲಿಲ್ಲ, ಅಟೆನ್ಷನ್ನಿನಲ್ಲೇ ನಿಂತು ಹೊಡೆಸಿಕೊಂಡ. ಅವನ ಕಣ್ಣು ಮಾತ್ರ ನನ್ನ ಮೇಲಿತ್ತು. ಬಾಗಿಲಲ್ಲಿ ಓಣಿಯ ಜನ ಸೇರಿದ್ದರು. ಯಾರೋ ಒಬ್ಬರು ನಕ್ಕರು.

ಫೌಜದಾರ ಪಟ್ಟಿ ಕಟ್ಟಿಕೊಂಡು ಹೊರಗೆ ಹೋದ. ಅವನ ಹಿಂದೆ ಜನ ಚದುರಿದರು. ಪೊಲೀಸ ಟೋಪಿ ಎತ್ತಿಕೊಂಡು ಕೊಡವಿದ, ಹಗ್ಗ ಸುತ್ತಿಕೊಂಡ. ಹೊರಟ ಅಂದುಕೊಂಡೆ. ಅವನು ಮೇಜಿನ ಹತ್ತಿರ ಬಂದು, ಅದರ ಮೇಲೆ ಊರಿದ್ದ ನಮ್ಮವರ ಬಲಗೈಯನ್ನು ನೋಡಿ, ಲಾಠಿಯ ಲೋಹದ ತುದಿಯನ್ನು ಕೆಳಗೆ ಮಾಡಿ, ಎರಡೂ ಕೈಯಿಂದ ಎತ್ತಿ ಬೆರಳುಗಳ ಮೇಲೆ ಕುಟ್ಟಿದ. ಸಿಟ್ಟಿನಿಂದ ಅಲ್ಲ, ಮೆಣಸಿನಕಾಯಿ ಕುಟ್ಟಿದ ಹಾಗೆ.

"ಇನ್ನ ಊದಪಾ," ಎಂದು ಹೇಳಿ ಹೋದ.

ಬಜಾರಿನ ಡಾಕ್ಟರರು ದವಾಖಾನೆಯ ಬಾಗಿಲು ಹಾಕುವವರಿದ್ದರು. ನಮ್ಮನ್ನು ನೋಡಿ ಒಳಗೆ ಕರೆದು, ಕೈಗೆ ಸುತ್ತಿದ್ದ ಧೋತರದ ಚೂರು ಬಿಚ್ಚಿದರು. ತೋರುಬೆರಳು, ನಡುಬೆರಳು ಚಪ್ಪಟೆಯಾಗಿದ್ದವು. ಲೇಖಣಿ ಹಿಡಿಯುವ ಬೆರಳು ಅವೇ.

"ಹೆಂಗಾತಿದು?"

"ಬಾಗಲಾ ಬಡೀತ್ರಿ," ಎಂದರು ನಮ್ಮವರು.

ಡಾಕ್ಟರರು ಹುಬ್ಬು ನೋಡಿದರು. ಅಂಗಿ ಸರಿಸಿ ಹೆಗಲ ಮೇಲಿನ ಬಾಸುಂಡೆ ನೋಡಿದರು. ಅತ್ತೆಯ ಕಡೆ ತಿರುಗಿದರು. "ಹೌದೇನ್ರಿ ಅಮ್ಮಾರ?"

ನಮ್ಮ ಓಣಿಯ ಮೂಲೆಯಲ್ಲಿ ಆ ಪೊಲೀಸ ಮತ್ತೆ ಕಾವಲಿಗೆ ನಿಂತಿದ್ದ. ಬರುವಾಗ ನಾವು ಅವನ ಎದುರಿನಿಂದಲೇ ದಾಟಿ ಬಂದಿದ್ದೆವು; ಹೋಗುವಾಗಲೂ ದಾಟಬೇಕಿತ್ತು. ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡು ಹೌದೆಂದು ತಲೆ ಆಡಿಸಿದರು.

ಡಾಕ್ಟರರು ಬಿದಿರಿನ ಚಕ್ಕೆ ಇಟ್ಟು ಬೆರಳು ಕಟ್ಟಿದರು. ಕಟ್ಟುವಾಗ ನಮ್ಮವರ ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡಿದ್ದೆ. ಬಲಗೈಯ ಆ ಎರಡು ಬೆರಳನ್ನು ಮುಂದೆ ಎಂದೂ ಮಡಚಲು ಆಗಲಿಲ್ಲ.